ಲೋಹಕ್ಕೆ ಬಂದ ಜ್ವರ

ನನ್ನ ಅಕ್ಕನ ಬಲಮೊಣಕಾಲಿನ ಕೀಲು ಲೋಹದ್ದು. ಸವೆದುಹೋದ ಸ್ವಂತ ಕೀಲಿನ ಸ್ಥಾನದಲ್ಲಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಒಂದು ಟೊಪ್ಪಿಗೆಯನ್ನೂ, ಟೈಟಾನಿಯಂನ ಒಂದು ತಟ್ಟೆಯನ್ನೂ, ಅವೆರಡರ ನಡುವೆ ಪಾಲಿಎಥಿಲೀನಿನ ಒಂದು ಮೆತ್ತೆಯನ್ನೂ ವೈದ್ಯರು ಕೂಡಿಸಿದರು. ಒಂದು ವರ್ಷ ಎಲ್ಲವೂ ಸುಗಮವಾಗಿತ್ತು. ಎಷ್ಟೋ ಕಾಲದಿಂದ ಮೆಟ್ಟಿಲು ಹತ್ತಲಾರದಿದ್ದವಳು ತಾರಸಿಗೆ ಹೋಗಿ ಸಂಡಿಗೆ ಒಣಗಿಸಿ ಬಂದಳು. ಎರಡನೆಯ ವರ್ಷದ ಮಳೆಗಾಲದಲ್ಲಿ ಆ ಕಾಲು ಕೆಂಪಾಯಿತು, ಊದಿತು, ರಾತ್ರಿಯಾದರೆ ಚಳಿಜ್ವರ. ಔಷಧ ಕೊಟ್ಟರೆ ಇಳಿಯುವುದು, ನಿಲ್ಲಿಸಿದರೆ ಮತ್ತೆ ಏರುವುದು. ಕಡೆಗೆ ವೈದ್ಯರು, "ಹಾಕಿದ್ದನ್ನು ತೆಗೆಯದೆ ವಿಧಿಯಿಲ್ಲ" ಎಂದರು. ಅಂದು ಸಂಜೆ ಆಸ್ಪತ್ರೆಯ ಹಾಸಿಗೆಯ ಮೇಲಿಂದ ಅಕ್ಕ ನನ್ನನ್ನು ಕೇಳಿದಳು: "ಇಷ್ಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದೆಯಲ್ಲ, ಹೇಳು ನೋಡೋಣ. ಲೋಹಕ್ಕೂ ಜ್ವರ ಬರುವುದುಂಟೆ?"

ಪಂಪ ರನ್ನರ ಪಾಠ ಹೇಳಿ ನಿವೃತ್ತನಾದವನಿಗೆ ಈ ಪ್ರಶ್ನೆಯ ಉತ್ತರ ತಿಳಿದಿರಲಿಲ್ಲ. ಅಂದಿನಿಂದ ಓದಿ, ಬಲ್ಲವರನ್ನು ಕೇಳಿ, ತಿಳಿದಷ್ಟನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಶ್ರೋತೃಗಳೆ, ಇದು ವಿಜ್ಞಾನಿಯ ಉಪನ್ಯಾಸವಲ್ಲ. ಅಕ್ಕನಿಗೆ ತಮ್ಮನೊಬ್ಬನು ತಡವಾಗಿ ಒಪ್ಪಿಸುತ್ತಿರುವ ಪಾಠ.

ಉತ್ತರದ ಮೊದಲ ಸುಳಿವು ನಮ್ಮ ಊರಿನ ಹೆಸರಿನಲ್ಲೇ ಇದೆ. ನಾವಿರುವುದು ಬೆಂಗಳೂರಿನ ದಕ್ಷಿಣಕ್ಕೆ, ಕೋಣನಕುಂಟೆಯಲ್ಲಿ. ಈಗ ಕೆಳಗೆ ಕನಕಪುರ ರಸ್ತೆಯ ವಾಹನಗಳ ಪ್ರವಾಹ, ಮೇಲೆ 2021ರ ಜನವರಿಯಿಂದ ಓಡುತ್ತಿರುವ ಮೆಟ್ರೋ ರೈಲು. ಆದರೆ ಕುಂಟೆಯೆಂದರೆ ಸಣ್ಣ ಕೆರೆಯಲ್ಲವೆ? ಹೆಸರಿನಲ್ಲಿ ಇಂದಿಗೂ ಕೋಣ ಮಿಂದ ನೀರಿನ ನೆನಪಿದೆ. ಅಂಥ ಕುಂಟೆಯ ಅಂಚಿಗೆ ಇಳಿದವರೆಲ್ಲರಿಗೂ ಒಂದು ಅನುಭವ ಗೊತ್ತು. ದಂಡೆಯ ಒಣಕಲ್ಲು ಕಾಲನ್ನು ಹಿಡಿದು ನಿಲ್ಲಿಸುತ್ತದೆ. ನೀರಿನೊಳಗಿನ ಕಲ್ಲು ಜಾರಿಸಿ ಬೀಳಿಸುತ್ತದೆ. ಎರಡೂ ಒಂದೇ ಕಲ್ಲು. ವ್ಯತ್ಯಾಸವಿರುವುದು ನೀರಿನೊಳಗಿನ ಕಲ್ಲಿಗೆ ಹತ್ತಿದ ಲೋಳೆಯಲ್ಲಿ. ನಾವು ಕೊಳೆಯೆಂದು ಕರೆಯುವ ಆ ಲೋಳೆ ಒಂದು ಜೀವಂತವಾದ ಊರು. ಕೋಟ್ಯಂತರ ಸೂಕ್ಷ್ಮಜೀವಿಗಳು ಕಲ್ಲಿಗೆ ಅಂಟಿಕೊಂಡು, ತಮ್ಮ ಮೈಯಿಂದಲೇ ಅಂಟನ್ನು ಸುರಿಸಿ, ಆ ಅಂಟಿನೊಳಗೆ ಮನೆಮಾಡಿಕೊಂಡಿರುತ್ತವೆ. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಕನ್ನಡದಲ್ಲಿ ಜೀವಪೊರೆ ಎನ್ನೋಣ.

ಬೆಳಗಿನಲ್ಲಿ ನಾವು ಉಜ್ಜಿ ತೆಗೆಯುವ ಹಲ್ಲಿನ ಪಾಚಿಯೂ ಇಂಥದೇ ಒಂದು ಜೀವಪೊರೆ. ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್ ತಾನೇ ಉಜ್ಜಿ ತಯಾರಿಸಿದ ಮಸೂರದ ಕೆಳಗೆ ತನ್ನ ಹಲ್ಲಿನ ಪಾಚಿಯನ್ನಿಟ್ಟು ನೋಡಿದನು. ಅಲ್ಲಿ ಓಡಾಡುತ್ತಿದ್ದ ಜೀವಿಗಳ ವಿಚಾರವನ್ನು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ವಿನಿಗರ್ ಹಾಕಿ ಬಾಯಿ ಮುಕ್ಕಳಿಸಿದರೂ ಪಾಚಿಯ ಹೊರಮೈಯಲ್ಲಿದ್ದವು ಮಾತ್ರ ಸತ್ತು, ಒಳಗಿದ್ದವು ಬದುಕಿಕೊಂಡವೆಂಬುದನ್ನೂ ಆತ ಗುರುತಿಸಿದ್ದನು. ಮೂರು ಶತಮಾನಗಳಿಗೂ ಹಿಂದೆ ಆತ ಕಂಡ ಸತ್ಯವೇ ನನ್ನ ಅಕ್ಕನ ಮೊಣಕಾಲಿನಲ್ಲಿ ಮತ್ತೆ ಸಾಬೀತಾಯಿತು. ರಕ್ತದಲ್ಲಿ ತೇಲುತ್ತಿದ್ದ ಬ್ಯಾಕ್ಟೀರಿಯಾಗಳನ್ನು ಔಷಧ ಕೊಂದಿತು, ಜ್ವರ ಇಳಿಯಿತು. ಲೋಹಕ್ಕೆ ಅಂಟಿ ಪೊರೆಯೊಳಗೆ ಕುಳಿತವು ಉಳಿದವು, ಜ್ವರ ಮರಳಿತು. ತೇಲುವ ಬ್ಯಾಕ್ಟೀರಿಯವನ್ನು ಕೊಲ್ಲಲು ಸಾಕಾಗುವ ಪ್ರಮಾಣಕ್ಕಿಂತ ಸಾವಿರ ಪಟ್ಟಿನವರೆಗೂ ಹೆಚ್ಚು ಔಷಧ ಪೊರೆಯೊಳಗಿನ ಬ್ಯಾಕ್ಟೀರಿಯಕ್ಕೆ ಬೇಕಾಗಬಹುದೆಂದು ಬಲ್ಲವರು ಹೇಳುತ್ತಾರೆ. ಅಷ್ಟನ್ನು ಕೊಡಹೊರಟರೆ ರೋಗಿಯೇ ಉಳಿಯಲಾರನು.

ನಮ್ಮ ಮೈಯೊಳಗೆ ರೋಗಾಣುಗಳನ್ನು ಹುಡುಕಿ ನುಂಗುವ ರಕ್ತಕಣಗಳಿವೆಯಲ್ಲ, ಅವೇನು ಮಾಡುತ್ತಿರುತ್ತವೆ? ಇದಕ್ಕೆ 1957ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಉತ್ತರ ಕೊಟ್ಟಿದೆ. ಇಂಗ್ಲೆಂಡಿನ ಎಲೆಕ್ ಮತ್ತು ಕೋನೆನ್ ಎಂಬ ಸಂಶೋಧಕರು, ಒಪ್ಪಿ ಮುಂದೆ ಬಂದವರ ಚರ್ಮದಲ್ಲಿ ಕೀವಿನ ಬ್ಯಾಕ್ಟೀರಿಯವನ್ನು ಅಳೆದು ಸೇರಿಸಿದರು. ಬರಿಯ ಚರ್ಮದಲ್ಲಿ ಕೀವು ಹುಟ್ಟಲು ಹಲವು ದಶಲಕ್ಷ ಬ್ಯಾಕ್ಟೀರಿಯಾಗಳು ಬೇಕಾದುವು. ಚರ್ಮದಲ್ಲಿ ಒಂದು ರೇಷ್ಮೆಯ ಹೊಲಿಗೆ ಇದ್ದಾಗ ಅದರ ಹತ್ತು ಸಾವಿರದಲ್ಲೊಂದು ಪಾಲು ಸಾಕಾಯಿತು! ಒಂದು ಎಳೆ ನೂಲು, ಅಷ್ಟೆ. ಮೈಯದಲ್ಲದ ವಸ್ತು ಮೈಯೊಳಗಿದ್ದರೆ ಅದರ ಆಸರೆಯಲ್ಲಿ ಶತ್ರು ಎಷ್ಟು ಬಲಿಯುತ್ತಾನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಶತ್ರು ಪರದೇಶದವನೇನೂ ಅಲ್ಲ. ಅವನ ಹೆಸರು ಸ್ಟಫಿಲೊಕಾಕಸ್. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿಗೊಂಚಲಿನ ಕಾಳು ಎಂದು ಅರ್ಥ. ಸೂಕ್ಷ್ಮದರ್ಶಕದಲ್ಲಿ ಕಂಡ ರೂಪವನ್ನು ನೋಡಿ 1880ರ ದಶಕದಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಗ್ಸಾಂಡರ್ ಆಗ್‌ಸ್ಟನ್ ಇಟ್ಟ ಹೆಸರು ಅದು. ಅದರಲ್ಲಿ ಒಂದು ಜಾತಿ ಹೊಂಬಣ್ಣದ್ದಾದ್ದರಿಂದ ಆರಿಯಸ್, ಅಂದರೆ ಚಿನ್ನದ್ದು, ಎನ್ನಿಸಿಕೊಂಡಿತು. ಇನ್ನೊಂದು ಎಪಿಡರ್ಮಿಡಿಸ್, ಚರ್ಮವಾಸಿ. ಇದು ನಮ್ಮೆಲ್ಲರ ಚರ್ಮದ ಮೇಲೆ ಯಾರಿಗೂ ಕೇಡು ಮಾಡದೆ ಬಾಳುವ ಜೀವಿ. ಹೊರಗಿದ್ದಾಗ ಸಾಧು, ಒಳಗಿನ ಲೋಹದ ಮೇಲೆ ಕಾಲೂರಿದರೆ ಬೇರೆಯದೇ ಸ್ವಭಾವ.

ಈ ಕಾಲೂರುವಿಕೆ ಹೇಗೆ ನಡೆಯುತ್ತದೆ? ಲೋಹವನ್ನು ಮೈಯೊಳಗಿಟ್ಟ ಕ್ಷಣಗಳಲ್ಲೇ ರಕ್ತದಲ್ಲಿನ ಫೈಬ್ರಿನೋಜನ್, ಫೈಬ್ರೊನೆಕ್ಟಿನ್ ಮುಂತಾದ ಪ್ರೋಟೀನುಗಳು ಅದರ ಮೈಗೆ ಹತ್ತಿಕೊಳ್ಳುತ್ತವೆ. ಆದ್ದರಿಂದ ಬ್ಯಾಕ್ಟೀರಿಯ ಮುಟ್ಟುವುದು ಬರಿಯ ಲೋಹವನ್ನಲ್ಲ, ಈ ಪ್ರೋಟೀನಿನ ಹಾಸನ್ನು. ಮೊದಲು ಸುಮ್ಮನೆ ತಾಗಿ ನಿಲ್ಲುತ್ತದೆ. ಆಗ ಅದನ್ನು ಕೊಚ್ಚಿಹಾಕುವುದು ಸುಲಭ. ಆಮೇಲೆ ತನ್ನ ಮೈಮೇಲಿನ ಕೊಂಡಿಯಂಥ ಅಣುಗಳಿಂದ ಪ್ರೋಟೀನನ್ನು ಬಿಗಿಯಾಗಿ ಹಿಡಿಯುತ್ತದೆ. ಅನಂತರ ಮರಿಮಾಡುತ್ತದೆ, ಅಂಟು ಸುರಿಸುತ್ತದೆ, ಪೊರೆ ಕಟ್ಟುತ್ತದೆ. ಸೋಜಿಗವೆಂದರೆ, ನಮ್ಮ ಎಲುಬಿನ ಜೀವಕೋಶವೂ ಲೋಹದ ಮೇಲೆ ನೆಲೆಯೂರಲು ಅದೇ ಪ್ರೋಟೀನಿನ ಹಾಸನ್ನೇ ಹಿಡಿಯುತ್ತದೆ. ಅಮೆರಿಕದ ಶಸ್ತ್ರವೈದ್ಯ ಆಂಟನಿ ಗ್ರಿಸ್ಟೀನ 1987ರ ಲೇಖನವೊಂದರಲ್ಲಿ ಇದನ್ನು ಮೇಲ್ಮೈಗಾಗಿ ನಡೆಯುವ ಓಟದ ಸ್ಪರ್ಧೆಗೆ ಹೋಲಿಸಿದರು. ಎಲುಬಿನ ಕೋಶಗಳು ಮೊದಲು ತಲಪಿ ಲೋಹವನ್ನು ಹಾಸಿಬಿಟ್ಟರೆ ಬ್ಯಾಕ್ಟೀರಿಯಕ್ಕೆ ಜಾಗವಿಲ್ಲ. ಬ್ಯಾಕ್ಟೀರಿಯ ಮೊದಲು ತಲಪಿದರೆ ಎಲುಬಿಗೆ ಜಾಗವಿಲ್ಲ.

ಇಲ್ಲಿಗೆ ಅಕ್ಕನ ಪ್ರಶ್ನೆಯ ಉತ್ತರದ ಅರ್ಧ ಮುಗಿಯಿತು. ಲೋಹಕ್ಕೆ ಜ್ವರ ಬರುವುದಿಲ್ಲ. ಲೋಹದ ಮೇಲೆ ಊರು ಕಟ್ಟಿದವರಿಂದ ನಮಗೆ ಬರುತ್ತದೆ. ಇನ್ನರ್ಧ: ಆ ಊರು ಕಟ್ಟದಂತೆ ಮಾಡಲಾಗದೆ?

ಮಾಡಬಹುದಾದ ಉಪಾಯವೇ ಲೇಪನ. ಲೇಪನವೆಂಬುದು ನಮಗೆ ಹೊಸದಲ್ಲ. ನಾನು ಹುಡುಗನಾಗಿದ್ದಾಗ ಊರಿಗೆ ಕಲಾಯಿಯವನು ಬರುತ್ತಿದ್ದ. ತಿದಿಯೊತ್ತಿ ಕೆಂಡ ಮಾಡಿ, ಹಿತ್ತಾಳೆಯ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ಒಂದು ಚೂರು ತವರವನ್ನು ಅರಿವೆಯಿಂದ ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿಯ ಹೊಳಪು. ಕೂದಲೆಳೆಗಿಂತ ತೆಳುವಾದ ಆ ಕಲಾಯಿಯ ಬಲದಿಂದ ಅದರಲ್ಲಿ ಹುಳಿ ಮಾಡಿದರೂ ಕಿಲುಬು ಏಳುತ್ತಿರಲಿಲ್ಲ. ಪಾತ್ರೆಯ ಗಟ್ಟಿತನ ಹಿತ್ತಾಳೆಯದು, ಅಡಿಗೆಯ ಕ್ಷೇಮ ತವರದ್ದು. ಕಲಾಯಿಯವನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಮೂಲೆಯಲ್ಲಿ ಎಲ್ಲಿ ಬಿಟ್ಟುಹೋಗಿದೆಯೆಂದು ಬೆರಳಿಟ್ಟು ತೋರಿಸುತ್ತಿದ್ದವಳು ಇದೇ ಅಕ್ಕ. ಇಂದು ವಿಜ್ಞಾನಿಗಳು ಕೃತಕ ಕೀಲಿಗೂ ಒಂದು ಕಲಾಯಿಯನ್ನು ಹುಡುಕುತ್ತಿದ್ದಾರೆ. ಗಟ್ಟಿತನ ಲೋಹದ್ದಿರಲಿ, ರಕ್ಷಣೆ ಮೇಲ್ಮೈಯದಿರಲಿ ಎಂಬುದೇ ಅವರ ಲೆಕ್ಕಾಚಾರ.

ಇಂಥ ಲೇಪನಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಹತ್ತಗೊಡದ ಲೇಪನ. ತಾವರೆಯೆಲೆಯ ಮೇಲಿನ ನೀರಿನ ಹನಿ ನಮ್ಮ ಕವಿಗಳಿಗೆಲ್ಲ ಪ್ರಿಯವಾದ ಉಪಮಾನ. ಎಲೆಯ ಮೇಲಿನ ಅತಿಸೂಕ್ಷ್ಮ ಉಬ್ಬುಗಳೂ ಅವುಗಳ ಮೇಲಿನ ಮೇಣವೂ ಸೇರಿ ಹನಿಯನ್ನು ನಿಲ್ಲಗೊಡುವುದಿಲ್ಲ, ಉರುಳುವ ಹನಿ ಕೊಳೆಯನ್ನೂ ಒಯ್ಯುತ್ತದೆಂದು ಜರ್ಮನಿಯ ಸಸ್ಯವಿಜ್ಞಾನಿ ಬಾರ್ತ್‌ಲಾಟ್ 1997ರಲ್ಲಿ ವಿವರಿಸಿದರು. ಇದೇ ಮಾದರಿಯ ಮೇಲ್ಮೈಗಳಿವೆ. ಇದಕ್ಕೆ ವಿರುದ್ಧವಾಗಿ, ನೀರನ್ನು ಹಿಡಿದಿಟ್ಟುಕೊಳ್ಳುವ ಪಾಲಿಮರ್ ಎಳೆಗಳನ್ನು ಗರಿಕೆಯಂತೆ ನಿಲ್ಲಿಸಿದ ಮೇಲ್ಮೈಗಳೂ ಇವೆ. ಆ ನೀರಿನ ಪದರವನ್ನು ದಾಟಿ ಪ್ರೋಟೀನೂ ಬ್ಯಾಕ್ಟೀರಿಯವೂ ಲೋಹವನ್ನು ಮುಟ್ಟುವುದು ಕಷ್ಟ. ಎರಡನೆಯದು ಮುಟ್ಟಿದವರನ್ನು ಕೊಲ್ಲುವ ಲೇಪನ. ಧನವಿದ್ಯುದಂಶವುಳ್ಳ ಪಾಲಿಮರ್ ಅಣುಗಳು ಋಣಾಂಶದ ಬ್ಯಾಕ್ಟೀರಿಯದ ಮೈಪೊರೆಯನ್ನು ಸೀಳಿಬಿಡುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ ಇಂಥ ಲೇಪನಗಳ ಮೇಲೆ ಕೆಲಸ ಮಾಡುತ್ತ ಬಂದಿದೆ. ಮೂರನೆಯದು ಔಷಧವನ್ನು ಮೆಲ್ಲಮೆಲ್ಲನೆ ಬಿಡುವ ಲೇಪನ: ಬೆಳ್ಳಿ, ಸತುವಿನ ಆಕ್ಸೈಡು, ಪ್ರತಿಜೈವಿಕಗಳು. ಬಿಕ್ರಮ್‌ಜಿತ್ ಬಸು ಅವರು ಎಲುಬಿನ ಖನಿಜವಾದ ಹೈಡ್ರಾಕ್ಸಿಅಪಟೈಟಿನೊಡನೆ ಬೆಳ್ಳಿಯನ್ನೂ ಸತುವಿನ ಆಕ್ಸೈಡನ್ನೂ ಬೆರೆಸಿ ನಡೆಸಿದ ಪ್ರಯೋಗಗಳು ಈ ದಾರಿಯವು.

ಮೂರಕ್ಕೂ ಮಿತಿಯಿದೆ. ಹತ್ತಗೊಡದ ಲೇಪನವನ್ನು ಕಾಲಕ್ರಮದಲ್ಲಿ ಪ್ರೋಟೀನು ಮುಚ್ಚಿಬಿಡಬಹುದು. ಕೊಲ್ಲುವ ಲೇಪನದ ಮೇಲೆ ಸತ್ತ ಬ್ಯಾಕ್ಟೀರಿಯದ ಹೆಣವೇ ಮುಂದೆ ಬರುವುದಕ್ಕೆ ಮೆಟ್ಟಿಲಾಗಬಹುದು. ಬಿಡುವ ಲೇಪನದ ಭಂಡಾರ ಒಂದು ದಿನ ಬರಿದಾಗುತ್ತದೆ. ಕೊನೆಕೊನೆಗೆ ತೊಟ್ಟಿಕ್ಕುವ ಅರೆಬರೆ ಔಷಧ ಬ್ಯಾಕ್ಟೀರಿಯವನ್ನು ಕೊಲ್ಲದೆ ಪಳಗಿಸುತ್ತದೆ. ಇವೆಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅದನ್ನು ಜಗತ್ತಿಗೆ ಕಲಿಸಿದ್ದು ಹೃದಯದ ಒಂದು ಕವಾಟ.

ನಮ್ಮ ಮನೆಗೆ ದೂರವಲ್ಲದ ಜಯದೇವ ಹೃದ್ರೋಗ ಸಂಸ್ಥೆಯಂಥ ಆಸ್ಪತ್ರೆಗಳಲ್ಲಿ ಕೆಟ್ಟ ಕವಾಟವನ್ನು ತೆಗೆದು ಕೃತಕ ಕವಾಟವನ್ನು ಹೊಲಿಯುವುದನ್ನು ನೀವು ಕೇಳಿದ್ದೀರಿ. ಆ ಕವಾಟದ ಸುತ್ತ ಬಟ್ಟೆಯ ಒಂದು ಪಟ್ಟಿಯಿರುತ್ತದೆ. ಹೊಲಿಗೆ ಬೀಳುವುದು ಅದಕ್ಕೇ. ಕವಾಟಕ್ಕೆ ಸೋಂಕು ತಗುಲಿದರೆ ಪ್ರಾಣಕ್ಕೇ ಅಪಾಯ. ಬೆಳ್ಳಿ ಬ್ಯಾಕ್ಟೀರಿಯಕ್ಕೆ ವಿಷವೆಂಬುದು ಹಳೆಯ ಅರಿವು. ಆದ್ದರಿಂದ ಅಮೆರಿಕದ ಸೇಂಟ್ ಜೂಡ್ ಮೆಡಿಕಲ್ ಸಂಸ್ಥೆ ಆ ಪಟ್ಟಿಗೆ ಬೆಳ್ಳಿಯನ್ನು ಲೇಪಿಸಿ, 1990ರ ದಶಕದ ಕೊನೆಯಲ್ಲಿ ಸಿಲ್‌ಝೋನ್ ಎಂಬ ಹೆಸರಿನಿಂದ ಹೊರತಂದಿತು. ಉದ್ದೇಶ ಒಳ್ಳೆಯದೇ. ಬೆಳ್ಳಿಯಿದ್ದ ಕವಾಟವನ್ನೂ ಇಲ್ಲದ ಕವಾಟವನ್ನೂ ಹೋಲಿಸುವ ಪರೀಕ್ಷೆಯೂ ಮೊದಲಾಯಿತು. ಆ ಪರೀಕ್ಷೆಯಲ್ಲಿ ಕಂಡುಬಂದದ್ದು ಬೇರೆ. ಬೆಳ್ಳಿಯ ಕವಾಟದ ಅಂಚಿನಲ್ಲಿ ರಕ್ತ ಸೋರಿ, ಕವಾಟವನ್ನೇ ತೆಗೆಯಬೇಕಾದ ಪ್ರಸಂಗಗಳು ಹೆಚ್ಚಾಗಿದ್ದುವು. 2000ದ ಜನವರಿಯಲ್ಲಿ ಸಂಸ್ಥೆ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಬ್ಯಾಕ್ಟೀರಿಯವನ್ನು ಬೆದರಿಸಲು ಇಟ್ಟ ಬೆಳ್ಳಿ, ಪಟ್ಟಿಯೊಳಗೆ ಬೆಳೆದು ಕವಾಟವನ್ನು ಭದ್ರಪಡಿಸಬೇಕಾಗಿದ್ದ ನಮ್ಮದೇ ಅಂಗಾಂಶವನ್ನೂ ಬೆದರಿಸಿತೆಂದು ವೈದ್ಯರು ಅದಕ್ಕೆ ಕಾರಣ ಕೊಡುತ್ತಾರೆ. ಕಳ್ಳನಿಗೆಂದು ಹಾಕಿದ ಮುಳ್ಳು ನೆಂಟನ ಕಾಲಿಗೂ ಚುಚ್ಚಿತು.

ಬೆಳ್ಳಿಯೇ ತಪ್ಪೆಂದು ಇದರ ಅರ್ಥವಲ್ಲ. ಎಲುಬಿನ ಕ್ಯಾನ್ಸರಿನ ರೋಗಿಗಳಿಗೆ ಹಾಕುವ ದೊಡ್ಡ ಕೃತಕ ಎಲುಬುಗಳಲ್ಲಿ ಬೆಳ್ಳಿಯ ಲೇಪನ ಇಂದಿಗೂ ಬಳಕೆಯಲ್ಲಿದೆ. ಆದರೆ ನಿಜವಾದ ಎಲುಬು ಬಂದು ಬೆಸೆಯಬೇಕಾದ ಭಾಗವನ್ನು ಸಾಮಾನ್ಯವಾಗಿ ಬಿಟ್ಟು ಲೇಪಿಸುತ್ತಾರೆ. ಎಲ್ಲಿ ಯಾರನ್ನು ಬರಗೊಡಬೇಕು, ಎಲ್ಲಿ ಯಾರನ್ನು ತಡೆಯಬೇಕು ಎಂಬ ವಿವೇಕವೇ ಇಲ್ಲಿ ಮುಖ್ಯ. ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಎಲುಬಿನೊಳಗಿಟ್ಟ ಟೈಟಾನಿಯಂ ಬಿಡಿಸಲಾಗದಂತೆ ಎಲುಬಿಗೆ ಕೂಡಿಕೊಂಡಿದ್ದನ್ನು ಕಂಡಂದಿನಿಂದ, ಲೋಹದ ಮೈಯನ್ನು ಎಲುಬಿಗೆ ಪ್ರಿಯವಾಗಿಸುವುದು ಹೇಗೆಂದು ವಿಜ್ಞಾನಿಗಳು ಹುಡುಕಿದರು. ಮೈ ತುಸು ತರಿಯಾಗಿದ್ದರೆ ಎಲುಬು ಚೆನ್ನಾಗಿ ಹಿಡಿಯುತ್ತದೆಂದು ಕಂಡರು. ಆದರೆ ತರಿಯಾದ ಮೈಯ ಕುಳಿಗಳಲ್ಲಿ ಬ್ಯಾಕ್ಟೀರಿಯವೂ ಚೆನ್ನಾಗಿ ಅಡಗುತ್ತದೆ. ನೆಂಟನಿಗೆ ತೆರೆದ ಬಾಗಿಲು ಕಳ್ಳನಿಗೂ ತೆರೆದೇ ಇರುತ್ತದೆ. ಒಂದೇ ಮೇಲ್ಮೈ ಒಬ್ಬನನ್ನು ಕರೆದು ಇನ್ನೊಬ್ಬನನ್ನು ತಡೆಯಬೇಕು. ಈ ವಿದ್ಯೆಯ ಕಷ್ಟವೆಲ್ಲ ಇಷ್ಟರಲ್ಲಿದೆ.

ಈ ಕಷ್ಟಕ್ಕೆ ಒಂದು ದಾರಿಯನ್ನು ತೋರಿಸಿದ್ದು ಜೀರುಂಡೆಯ ಮತ್ತು ಕೊಡತಿಹುಳುವಿನ ರೆಕ್ಕೆ. ಮಳೆಗಾಲ ಮುಗಿಯುವ ಹೊತ್ತಿಗೆ ಗದ್ದೆಯ ಮೇಲೆ ಹಿಂಡುಹಿಂಡಾಗಿ ಹಾರುವ ಕೊಡತಿಹುಳುವನ್ನು ಹಿಡಿಯಲು ಬಾಲ್ಯದಲ್ಲಿ ಓಡದವರಾರು? ಜೀರುಂಡೆಯ ರೆಕ್ಕೆಯ ಮೇಲೆ ಬಿದ್ದ ಕೆಲವು ಬ್ಯಾಕ್ಟೀರಿಯಾಗಳು ಸಾಯುತ್ತವೆಂದು 2012ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಕಂಡರು. ಮರುವರ್ಷ ಕೊಡತಿಹುಳುವಿನ ರೆಕ್ಕೆಯಲ್ಲೂ ಅದೇ ಗುಣವನ್ನು ಕಂಡರು. ರೆಕ್ಕೆಯಲ್ಲಿ ವಿಷವೇನೂ ಇಲ್ಲ. ಬ್ಯಾಕ್ಟೀರಿಯಕ್ಕಿಂತಲೂ ಬಹಳ ಸಣ್ಣದಾದ ಮೊಳೆಗಳ ಒತ್ತೊತ್ತಾದ ಹಾಸು ಅಲ್ಲಿದೆ. ಅದರ ಮೇಲೆ ಕುಳಿತ ಬ್ಯಾಕ್ಟೀರಿಯದ ಮೈ ಜಗ್ಗಿ ಹರಿಯುತ್ತದೆ. ನಮ್ಮ ಜೀವಕೋಶ ಗಾತ್ರದಲ್ಲಿ ದೊಡ್ಡದು, ಮೈ ಬಾಗಿಸಬಲ್ಲದು. ಅದೇ ಮೊಳೆಗಳ ಮೇಲೆ ಹಾಯಾಗಿ ಹರಡಿಕೊಳ್ಳಬಲ್ಲದು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೌಶಿಕ್ ಚಟರ್ಜಿ ಮತ್ತು ಅವರ ಸಂಗಡಿಗರು ಟೈಟಾನಿಯಂ ಲೋಹದ ಮೈಯನ್ನೇ ಇಂಥ ಮೊಳೆಗಳಾಗಿ ಕೊರೆದರು. ಹೊರಗಿನಿಂದ ಬಳಿಯುವ ಲೇಪನ ಬೇಡ. ಲೋಹವೇ ತನಗೆ ತಾನು ಲೇಪನ. ಬೆಳಕನ್ನು ಹೀರಿ ಕಪ್ಪಾಗಿ ಕಾಣುವುದರಿಂದ ಇದಕ್ಕೆ ಕರಿ ಟೈಟಾನಿಯಂ ಎಂದು ಹೆಸರು. 2017ರಲ್ಲಿ ಅವರು ಪ್ರಕಟಿಸಿದ ಅಂಕಿಗಳು ಮನನೀಯವಾಗಿವೆ. ನಾಲ್ಕು ಗಂಟೆಗಳಲ್ಲಿ, ಅಂಟಿಕೊಂಡ ಕೋಲಿ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ 95, ಸ್ಯೂಡೊಮೊನಾಸ್‌ನಲ್ಲಿ 98 ಸತ್ತವು. ನಮ್ಮ ದ್ರಾಕ್ಷಿಗೊಂಚಲಿನ ಹೊನ್ನಬಣ್ಣದವನು ಮಾತ್ರ ಗಟ್ಟಿ: ನೂರಕ್ಕೆ 22. ಅವನ ಮೈಗೋಡೆ ದಪ್ಪ. ಇಪ್ಪತ್ತನಾಲ್ಕು ಗಂಟೆ ಬಿಟ್ಟಾಗ ಆ ಸಂಖ್ಯೆ 76ಕ್ಕೆ ಏರಿತು. ಮಾನವನ ಆಕರಕೋಶಗಳು ಅದೇ ಮೇಲ್ಮೈಯ ಮೇಲೆ ಬೆಳೆದು ಎಲುಬಿನ ಕೋಶಗಳಾಗುವ ದಾರಿ ಹಿಡಿದುವು. ಒಬ್ಬನನ್ನು ತಡೆದು ಒಬ್ಬನನ್ನು ಕರೆಯುವ ಬಾಗಿಲು ಅಸಾಧ್ಯವಲ್ಲವೆಂದಾಯಿತು. ಆದರೆ ಇದು ಪ್ರಯೋಗಶಾಲೆಯ ಗಾಜಿನ ತಟ್ಟೆಯೊಳಗಿನ ಗೆಲವು. ಕೀಲೆಲುಬಿನ ಸೋಂಕಿಗೆ ಅತಿ ಸಾಮಾನ್ಯ ಕಾರಣನಾದವನೇ ಅಲ್ಲಿಯೂ ಅತಿ ನಿಧಾನವಾಗಿ ಸತ್ತವನು ಎಂಬುದನ್ನು ನಾವು ಮರೆಯಬಾರದು. ಅದನ್ನು ಮರೆಮಾಚದೆ ಅಂಕಿಯಿಟ್ಟು ಹೇಳಿದ ಆ ವಿಜ್ಞಾನಿಗಳ ಪ್ರಾಮಾಣಿಕತೆ ನನಗೆ ಅವರ ಗೆಲವಿಗಿಂತಲೂ ಹಿರಿದೆನಿಸಿತು. ಬೆಳ್ಳಿಯ ಕವಾಟದ ಕಥೆಯನ್ನು ಓದಿದವರು, ತಟ್ಟೆಯಿಂದ ಮನುಷ್ಯನ ಮೈಗೆ ಬರುವ ದಾರಿಯಲ್ಲಿ ಆತುರಪಡಬಾರದು.

ಹಾಗಾದರೆ ಇಂದು ಮೊಣಕಾಲು ಬದಲಿಸಿಕೊಳ್ಳಲು ಹೊರಟವರು ಹೆದರಬೇಕೆ? ಬೇಡ. ಮೊದಲ ಸಲದ ಶಸ್ತ್ರಕ್ರಿಯೆಯಲ್ಲಿ ನೂರು ಮಂದಿಯಲ್ಲಿ ಒಬ್ಬರಿಗೋ ಇಬ್ಬರಿಗೋ ಮಾತ್ರ ಸೋಂಕು ತಗಲುತ್ತದೆ. ಆದರೆ ಆ ಒಬ್ಬರು ಪಡುವ ಪಾಡನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ಅಕ್ಕನ ಲೋಹದ ಕೀಲನ್ನು ತೆಗೆದು, ಔಷಧ ಬೆರೆಸಿದ ಸಿಮೆಂಟಿನ ಗಟ್ಟಿಯೊಂದನ್ನು ಆ ಜಾಗದಲ್ಲಿಟ್ಟರು. ಎಲುಬಿನ ಸಿಮೆಂಟಿಗೆ ಪ್ರತಿಜೈವಿಕವನ್ನು ಬೆರೆಸುವ ಈ ಉಪಾಯವನ್ನು 1970ರಲ್ಲಿ ಪ್ರಕಟಿಸಿದವರು ಜರ್ಮನಿಯ ಬುಕ್‌ಹೋಲ್ಟ್ಸ್ ಮತ್ತು ಎಂಗೆಲ್‌ಬ್ರೆಕ್ಟ್. ವಾರಗಟ್ಟಲೆ ಅಕ್ಕ ಮಂಚ ಹಿಡಿದಳು. ಆಮೇಲೆ ಎರಡನೆಯ ಶಸ್ತ್ರಕ್ರಿಯೆ, ಹೊಸ ಕೀಲು. ಅಷ್ಟು ದಿನವೂ ಅವಳನ್ನು ಎತ್ತಿ ಕೂರಿಸುವಾಗ ನನ್ನ ಕೈಗೆ ಹತ್ತುತ್ತಿದ್ದ ಅವಳ ಮೈಯ ಹಗುರವನ್ನು ಈ ಬಾನುಲಿಯ ಮುಂದೆ ವರ್ಣಿಸಲಾರೆ.

ಆದ್ದರಿಂದ ಒಂದೆರಡು ಮಾತು. ಲೇಪನ ಬರಲಿ, ಬರುವವರೆಗೆ ಮೊದಲ ಲೇಪನ ನಮ್ಮ ಚರ್ಮವೇ. ಶಸ್ತ್ರಕ್ರಿಯೆಗೆ ಮುನ್ನ ಹುಳುಕುಹಲ್ಲಿಗೆ ಚಿಕಿತ್ಸೆ ಮಾಡಿಸಿಕೊಳ್ಳಿ. ಒಡೆದ ಹಿಮ್ಮಡಿ, ಆರದ ಹುಣ್ಣು ಇದ್ದರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಗೆ ತನ್ನಿ. ಶಸ್ತ್ರಕ್ರಿಯೆಯಾದ ವರ್ಷಗಳ ಮೇಲೂ ಎಲ್ಲಿಯೋ ಆದ ಸೋಂಕು ರಕ್ತದಲ್ಲಿ ಸಾಗಿ ಲೋಹವನ್ನು ಸೇರಬಹುದು. ಕೀಲು ಬಿಸಿಯಾದರೆ, ಊದಿದರೆ, ಮಾತ್ರೆ ನುಂಗಿ ಸುಮ್ಮನಿರಬೇಡಿ. ಜ್ವರ ಬಂತೆಂದು ಅಂಗಡಿಯಿಂದ ಪ್ರತಿಜೈವಿಕ ತಂದು ಎರಡು ದಿನ ನುಂಗಿ ಬಿಡುವ ಚಾಳಿಯಂತೂ ಬೇಡ. ಹಾಗೆ ಪಳಗಿದ ಬ್ಯಾಕ್ಟೀರಿಯ ಯಾರ ಕೀಲನ್ನು ಹುಡುಕಿಕೊಂಡು ಹೋಗುವುದೋ ಯಾರು ಬಲ್ಲರು?

ಈಗ ಅಕ್ಕ ಕೋಲು ಹಿಡಿದು ಸಂಜೆಯ ವೇಳೆ ಕೋಣನಕುಂಟೆ ಕ್ರಾಸಿನವರೆಗೆ ನಡೆದು ಬರುತ್ತಾಳೆ. ಈ ಭಾಷಣದ ಕರಡನ್ನು ಅವಳಿಗೇ ಮೊದಲು ಓದಿ ಹೇಳಿದೆ. ಬೆಳ್ಳಿಯ ಕವಾಟದ ಪ್ರಸಂಗ ಬಂದಾಗ, ಪಾಪ ಅವರೂ ಒಳ್ಳೆಯದಕ್ಕೇ ಮಾಡಿದ್ದಲ್ಲವೆ ಎಂದಳು. ಕೊಡತಿಹುಳುವಿನ ರೆಕ್ಕೆಯ ಮಾತನ್ನು ಎರಡು ಸಲ ಓದಿಸಿ ಕೇಳಿದಳು. ಎಲ್ಲವೂ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂಲೆಯಲ್ಲಿ ಎಲ್ಲಿ ಬಿಟ್ಟುಹೋಗಿದೆಯೋ ಅದನ್ನು ನೋಡಿಕೊಳ್ಳುವುದಕ್ಕೆ ಹೇಳು ಅವರಿಗೆ" ಎಂದಳು. ಕಲಾಯಿಯವನಿಗೂ ಅವಳು ಹೇಳುತ್ತಿದ್ದುದು ಅದನ್ನೇ.